ಹಾಳೆಯಷ್ಟಗಲದ ಪರದೆ

ಹತ್ತಿಂಚು ಮೀರಿದ ಇ-ಇಂಕ್ ಟ್ಯಾಬ್ಲೆಟ್ಟನ್ನು ಮೊದಲ ಸಲ ಕೈಗೆತ್ತಿಕೊಂಡವರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. ಇಷ್ಟೊಂದು ತೆಳುವೇ? ಪರದೆ ಚಾಲೂ ಆಗಿದೆಯೋ, ಮೇಲೆ ಯಾರಾದರೂ ಅಚ್ಚುಹಾಕಿದ ಕಾಗದ ಅಂಟಿಸಿದ್ದಾರೋ? ಆಮೇಲೆ ಪೆನ್ನು ತೆಗೆದುಕೊಂಡು ತಮ್ಮ ಹೆಸರು ಬರೆಯುತ್ತಾರೆ, ಒಂದು ಸಹಿ ಹಾಕುತ್ತಾರೆ, ಅದರ ಕೆಳಗೊಂದು ಗೆರೆ ಎಳೆಯುತ್ತಾರೆ, ಪೆನ್ನಿನ ತುದಿ ಮಾಡುವ ಸರಸರ ಸದ್ದಿಗೆ ಕಿವಿಗೊಡುತ್ತಾರೆ. ತಯಾರಕರೂ ತಮ್ಮ ಜಾಣತನವನ್ನೆಲ್ಲ ಈ ಮೊದಲ ಐದು ನಿಮಿಷಕ್ಕೇ ಸುರಿದಿರುತ್ತಾರೆ.

ವಾದ ಶುರುವಾಗುವುದು ಆರನೆಯ ನಿಮಿಷದಿಂದ. ಇದು ಪುಸ್ತಕವೋ, ನೋಟ್‌ಬುಕ್ಕೋ, ದುಬಾರಿ ಸ್ಲೇಟೋ? ಓದಿ ಬರೆದು ಬದುಕುವ ಒಬ್ಬ ಮೇಷ್ಟ್ರು, ಒಬ್ಬ ವಕೀಲ, ಒಬ್ಬ ಸಂಶೋಧನಾ ವಿದ್ಯಾರ್ಥಿ ಕಾಗದದ ಕಂತೆಯನ್ನು ಬದಿಗಿಟ್ಟು ಇದೊಂದನ್ನೇ ನೆಚ್ಚಿಕೊಳ್ಳಬಹುದೇ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಬೇರೆ ಬೇರೆ ಗುಂಪಿನವರು ಬೇರೆ ಬೇರೆ ಉತ್ತರ ಕೊಡುತ್ತಾ ಬಂದಿದ್ದಾರೆ. ಒಬ್ಬರು ಕಣ್ಣಿನ ಮಾತಾಡುತ್ತಾರೆ, ಒಬ್ಬರು ಕೈಯ ಮಾತಾಡುತ್ತಾರೆ, ಇನ್ನೊಬ್ಬರಿಗೆ ಏಕಾಗ್ರತೆಯೇ ಮುಖ್ಯ. ನನ್ನ ಮಟ್ಟಿಗೆ ತಕರಾರಿನ ಗಂಟು ಇರುವುದು ಪುಟದಲ್ಲಿ: ಅದರ ಅಳತೆಯಲ್ಲಿ, ಮತ್ತು ಅದು ಒಂದು ಜಾಗದಲ್ಲಿ ನಿಲ್ಲುತ್ತದೋ ಇಲ್ಲವೋ ಎಂಬುದರಲ್ಲಿ. ಕಾಗದದಂತೆ ಕಾಣುವ ಪರದೆಯನ್ನು ಎಂಜಿನಿಯರುಗಳು ಬಹುಮಟ್ಟಿಗೆ ಸಾಧಿಸಿದ್ದಾರೆ. ಕಾಗದದಂತೆ ನಡೆದುಕೊಳ್ಳುವ ಪರದೆ ಇನ್ನೂ ಬಂದಿಲ್ಲ.

ಉರಿಯದ ಪರದೆಯ ಹುಡುಕಾಟ

ಕಥೆ ಶುರುವಾಗುವುದು ನಕಲು ಯಂತ್ರ ಮಾರುತ್ತಿದ್ದ ಕಂಪನಿಯೊಂದರ ಪ್ರಯೋಗಾಲಯದಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆಲ್ಟೊ ಎಂಬ ಕಂಪ್ಯೂಟರ್ ತಯಾರಾಗಿತ್ತು. ಅದಕ್ಕೊಂದು ಒಳ್ಳೆಯ ಪರದೆ ಬೇಕೆಂದು ನಿಕ್ ಶೆರಿಡನ್ ಎಂಬ ವಿಜ್ಞಾನಿ ಹುಡುಕಹೊರಟರು. ಅವರು ಮಾಡಿದ ಗೈರಿಕಾನ್ ಎಂಬುದು ರಬ್ಬರಿನಂಥ ತೆಳು ಹಾಳೆ. ಅದರ ತುಂಬಾ ಪುಟ್ಟ ಪುಟ್ಟ ಗುಂಡುಗಳು. ಪ್ರತಿ ಗುಂಡಿನ ಅರ್ಧಭಾಗ ಒಂದು ಬಣ್ಣ, ಉಳಿದರ್ಧ ಇನ್ನೊಂದು. ವಿದ್ಯುತ್ ಹಾಯಿಸಿದರೆ ಗುಂಡು ಹೊರಳುತ್ತದೆ, ಮೇಲೆ ಬಂದ ಬಣ್ಣ ಕಾಣುತ್ತದೆ. ಅದೇ ಕೇಂದ್ರದಲ್ಲಿದ್ದ ಅಲನ್ ಕೇ 1972ರಲ್ಲೇ ಡೈನಾಬುಕ್ ಎಂಬ, ಮಕ್ಕಳೂ ಹೊತ್ತು ತಿರುಗಬಹುದಾದ ನೋಟ್‌ಬುಕ್ ಗಾತ್ರದ ಕಂಪ್ಯೂಟರಿನ ನಕ್ಷೆ ಬರೆದಿದ್ದರು. ಕೇಂದ್ರದ ಮುಖ್ಯಸ್ಥ ಜಾರ್ಜ್ ಪೇಕ್ 1975ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಗೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಚೇರಿ ಮೇಜಿನ ಮೇಲೆ ಪರದೆ ಬಂದು ಕೂರುತ್ತದೆ, ಅಚ್ಚಾದ ಕಾಗದ ಆಗ ಎಷ್ಟು ಬೇಕಾದೀತೋ ತಿಳಿಯದು ಎಂಬರ್ಥದ ಮಾತು ಹೇಳಿದ್ದರು. ಕಾಗದದ ನಕಲು ತೆಗೆಯುವ ಯಂತ್ರದಿಂದ ಹೊಟ್ಟೆ ಹೊರೆಯುತ್ತಿದ್ದ ಕಂಪನಿಯೊಳಗೇ ಕಾಗದದ ಅಂತ್ಯದ ಭವಿಷ್ಯ ನುಡಿಯುತ್ತಿದ್ದರು ಎನ್ನುವುದು ತಮಾಷೆಯೇ.

ಗೈರಿಕಾನ್ ಹೆಚ್ಚು ದೂರ ಹೋಗಲಿಲ್ಲ. ಈಗ ನಾವು ಬಳಸುವ ಪರದೆಯ ಮೂಲ ಎಂಐಟಿಯ ಮೀಡಿಯಾ ಲ್ಯಾಬ್. ಅಲ್ಲಿ ಜೋಸೆಫ್ ಜೇಕಬ್‌ಸನ್, ಅವರ ಜೊತೆಗಿದ್ದ ವಿದ್ಯಾರ್ಥಿಗಳಾದ ಬ್ಯಾರೆಟ್ ಕಾಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್ ಗುಂಡುಗಳ ಬದಲಿಗೆ ದ್ರವ ತುಂಬಿದ ಸೂಕ್ಷ್ಮ ಕೋಶಗಳನ್ನು ಮಾಡಿದರು. 1997ರಲ್ಲಿ ಇ ಇಂಕ್ ಕಂಪನಿ ಹುಟ್ಟಿತು, 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಒಂದೊಂದು ಕೋಶವೂ ತಲೆಗೂದಲಿನ ದಪ್ಪ. ಒಳಗಿನ ಎಣ್ಣೆಯಲ್ಲಿ ಬಿಳಿ ಕಣ, ಕಪ್ಪು ಕಣ. ಎರಡಕ್ಕೂ ವಿರುದ್ಧ ವಿದ್ಯುದಂಶ. ಮೇಲಕ್ಕೆ ಎಳೆಯಲ್ಪಟ್ಟದ್ದು ನಮಗೆ ಅಕ್ಷರವಾಗಿಯೋ ಹಿನ್ನೆಲೆಯಾಗಿಯೋ ಕಾಣುತ್ತದೆ. ವಿದ್ಯುತ್ ನಿಂತರೂ ಕಣ ಇದ್ದಲ್ಲೇ ಇರುತ್ತದೆ.

ಈ ಯಂತ್ರದ ಗುಣವೂ ದೋಷವೂ ಇಷ್ಟರಲ್ಲೇ ಅಡಗಿವೆ. ಕಣ ಇದ್ದಲ್ಲೇ ಇರುವುದರಿಂದ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಕಣ ಎಣ್ಣೆಯಲ್ಲಿ ಈಜಿ ಬರಬೇಕಾದ್ದರಿಂದ ಪುಟ ಬದಲಾಗುವುದು ನಿಧಾನ. ಕೆಲವು ಪೂರ್ತಿ ತಮ್ಮ ಜಾಗಕ್ಕೆ ಬರದೆ ಉಳಿಯುವುದರಿಂದ ಹಿಂದಿನ ಪುಟದ ಮಸುಕು ನೆರಳು ಈ ಪುಟದ ಸಾಲುಗಳ ನಡುವೆ ಇಣುಕುತ್ತದೆ. ಆ ನೆರಳನ್ನು ಗುಡಿಸಲೆಂದೇ ಆಗಾಗ ಇಡೀ ಪರದೆ ಒಮ್ಮೆ ಕಪ್ಪಾಗಿ ಬೆಳ್ಳಗಾಗುವುದು. ಹೊಸಬರು ಕೆಟ್ಟುಹೋಯಿತೇ ಎಂದು ಗಾಬರಿಪಡುವ ಕ್ಷಣ ಅದು.

ದೊಡ್ಡದು ಮಾಡಿದವರು, ಕೈಸುಟ್ಟುಕೊಂಡವರು

ಸೋನಿ ಕಂಪನಿಯ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಬಂತು, ಅಮೆಜಾನಿನ ಕಿಂಡಲ್ 2007ರ ನವೆಂಬರಿನಲ್ಲಿ. ಎರಡರದೂ ಆರಿಂಚಿನ ಪರದೆ, ಕಾದಂಬರಿ ಓದಲು ಸಾಕು. ಇವುಗಳ ನಡುವೆ 2006ರಲ್ಲಿ, ಫಿಲಿಪ್ಸ್‌ನಿಂದ ಕವಲೊಡೆದ ಐರೆಕ್ಸ್ ಎಂಬ ಡಚ್ ಕಂಪನಿ ಐಲಿಯಡ್ ತಂದದ್ದನ್ನು ಬಹಳ ಜನ ಮರೆಯುತ್ತಾರೆ. 8.1 ಇಂಚಿನ ಪರದೆ, ಜೊತೆಗೆ ಬರೆಯಲು ವ್ಯಾಕಾಮ್ ಪೆನ್ನು. ಇಂದಿನ ಟಿಪ್ಪಣಿ ಟ್ಯಾಬ್ಲೆಟ್ಟಿನ ಕಲ್ಪನೆ ಇಡಿಯಾಗಿ ಅಲ್ಲಿತ್ತು. ಕಂಪನಿ 2010ರಲ್ಲಿ ದಿವಾಳಿಯಾಯಿತು.

ದೊಡ್ಡ ಪರದೆಯ ಮೊದಲ ನಿಜವಾದ ಪರೀಕ್ಷೆ ನಡೆದದ್ದು ಅಮೆರಿಕದ ತರಗತಿಗಳಲ್ಲಿ. 2009ರಲ್ಲಿ 9.7 ಇಂಚಿನ ಕಿಂಡಲ್ ಡಿಎಕ್ಸ್ 489 ಡಾಲರಿಗೆ ಬಂದಾಗ ಪ್ರಿನ್ಸ್‌ಟನ್, ರೀಡ್, ಅರಿಜೋನಾ ಸ್ಟೇಟ್ ಮೊದಲಾದ ವಿದ್ಯಾಸಂಸ್ಥೆಗಳು ಪಠ್ಯವನ್ನು ಅದರಲ್ಲೇ ಕೊಟ್ಟು ನೋಡಿದವು. ಪ್ರಿನ್ಸ್‌ಟನ್ನಿನಲ್ಲಿ ಆ ತರಗತಿಗಳ ಮುದ್ರಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಅಂಚಿನಲ್ಲಿ ಬರೆಯಲಾಗದು, ಬೇಕಾದ ಪುಟಕ್ಕೆ ಥಟ್ಟನೆ ಹೋಗಲಾಗದು ಎಂಬ ದೂರು ಜೋರಾಗಿತ್ತು. ಅರಿಜೋನಾದಲ್ಲಿ ಅಂಧರ ಸಂಘಟನೆಗಳು ಕೋರ್ಟಿಗೆ ಹೋದವು: ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರದ ಮೆನುಗಳು ಮಾತ್ರ ಮಾತಾಡುತ್ತಿರಲಿಲ್ಲ, ಕಣ್ಣಿಲ್ಲದ ವಿದ್ಯಾರ್ಥಿ ಪುಸ್ತಕದವರೆಗೆ ತಲುಪುವುದೇ ಹೇಗೆ? 2010ರ ಜನವರಿಯಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕಲಿಸಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅದೇ ಡಿಎಕ್ಸ್ ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನ. 39 ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿದರು. ಏಳು ತಿಂಗಳ ಹೊತ್ತಿಗೆ ಶೇ. 60ಕ್ಕೂ ಹೆಚ್ಚು ಮಂದಿ ಓದಿನ ಕೆಲಸಕ್ಕೆ ಅದನ್ನು ನಿಯಮಿತವಾಗಿ ಬಳಸುವುದನ್ನೇ ಬಿಟ್ಟಿದ್ದರು. ಕಾರಣ ಕಣ್ಣುನೋವಲ್ಲ. ಪ್ರಬಂಧ ಓದುವವರು ನೇರವಾಗಿ ಮೊದಲಿಂದ ಕೊನೆಗೆ ಓದುವುದಿಲ್ಲ. ಮೇಲೆ ಕಣ್ಣಾಡಿಸಿ, ಚಿತ್ರಕ್ಕೆ ಹೋಗಿ, ಆಕರಪಟ್ಟಿಗೆ ಹಾರಿ, ಮತ್ತೆ ವಾಪಸು ಬರುತ್ತಾರೆ. ಆ ಹೇಳಿಕೆ ಎಡಪುಟದ ಕೆಳಗಿತ್ತು ಎಂಬ ನೆನಪನ್ನು ಹಿಡಿದು ನಡೆಯುತ್ತಾರೆ. ಡಿಎಕ್ಸ್ ಆ ಎಲ್ಲ ಹಾದಿಗಳನ್ನೂ ಮುಚ್ಚಿತ್ತು.

2010 ದೊಡ್ಡ ಪರದೆಗೆ ಕೆಟ್ಟ ವರ್ಷ. ಪ್ಲಾಸ್ಟಿಕ್ ಲಾಜಿಕ್ ಕಂಪನಿ ಜನವರಿಯಲ್ಲಿ ಸಡಗರದಿಂದ ತೋರಿಸಿದ ಕ್ಯೂ ಎಂಬ ಯಂತ್ರವನ್ನು ಆಗಸ್ಟಿನಲ್ಲಿ ಕೈಬಿಟ್ಟಿತು. ಅದೇ ವರ್ಷ ಐಪ್ಯಾಡ್ ಬಂದು ಮಾರುಕಟ್ಟೆಯನ್ನು ಬಾಚಿಕೊಂಡಿತು. ಆಮೇಲೆ 2013ರ ಕೊನೆಗೆ ಸೋನಿ 13.3 ಇಂಚಿನ, 358 ಗ್ರಾಂ ತೂಕದ ಡಿಪಿಟಿ-ಎಸ್1 ತಂದಿತು. ಗಾಜಿನ ಬದಲು ಪ್ಲಾಸ್ಟಿಕ್ ತಳ ಹಾಕಿದ್ದರಿಂದ ಆ ಹಗುರ. ಅಮೆರಿಕದಲ್ಲಿ ಅದರ ಬೆಲೆ 1,100 ಡಾಲರ್, ವಕೀಲರೂ ಕಂಪನಿಗಳೂ ಕೊಳ್ಳಲಿ ಎಂಬ ಲೆಕ್ಕ. ಓಸ್ಲೊದ ರಿಮಾರ್ಕಬಲ್ 2017ರಲ್ಲಿ ಬಂದ ಮೇಲೆ ಆಟ ಮತ್ತೆ ಶುರುವಾಯಿತು. ಚೀನಾದ ಓನಿಕ್ಸ್ ಬೂಕ್ಸ್, ಸೂಪರ್‌ನೋಟ್, ಕೋಬೊ ಎಲಿಪ್ಸಾ, 2022ರಲ್ಲಿ ಕಿಂಡಲ್ ಸ್ಕ್ರೈಬ್ ಹೀಗೆ ಸಾಲು ಬೆಳೆಯಿತು. ಹಲಗೆಯ ಮೇಲೆ ಯಾರ ಹೆಸರಿದ್ದರೂ ಪರದೆ ಮಾತ್ರ ಬಹುತೇಕ ಒಂದೇ ಮನೆಯದು: 2009ರಲ್ಲಿ ತೈವಾನಿನ ಪ್ರೈಮ್ ವ್ಯೂ ಸಂಸ್ಥೆ ಇ ಇಂಕ್ ಅನ್ನು ಕೊಂಡು ಆ ಹೆಸರನ್ನೇ ತಾನೂ ಇಟ್ಟುಕೊಂಡಿತು. ಹಾಗಾಗಿ ಬ್ರ್ಯಾಂಡುಗಳ ನಡುವಿನ ಪೈಪೋಟಿ ನಡೆಯುವುದು ಮೇಲ್ಮೈ, ಪೆನ್ನು, ಸಾಫ್ಟ್‌ವೇರ್ ಈ ಮೂರರಲ್ಲೇ.

ಕಣ್ಣಿನ ಪಕ್ಷ

ಇ-ಇಂಕ್ ಕೊಳ್ಳುವವರಲ್ಲಿ ಹೆಚ್ಚಿನವರು ಕೊಡುವ ಕಾರಣ ಕಣ್ಣು. ಮೊಬೈಲ್ ಪರದೆ ಬೆಳಕನ್ನು ನಮ್ಮತ್ತ ಎಸೆಯುತ್ತದೆ. ಇದು ಕೋಣೆಯ ಬೆಳಕನ್ನೇ ತಿರುಗಿಸಿ ಕೊಡುತ್ತದೆ. ಬಿಸಿಲಲ್ಲಿ ಕೂತು ಓದಿದವರಿಗೆ ಇದರ ಸುಖ ಬೇರೆ ಹೇಳಬೇಕಾಗಿಲ್ಲ. ಆದರೆ ದಣಿವಿನ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ಮಾಡುವುದಿಲ್ಲ. 2013ರಲ್ಲಿ ಪ್ಲಾಸ್ ಒನ್‌ನಲ್ಲಿ ಬಂದ ಬೆನೆಡೆಟ್ಟೊ ತಂಡದ ಪ್ರಯೋಗದಲ್ಲಿ ಎಲ್‌ಸಿಡಿ ಪರದೆ ಕಣ್ಣನ್ನು ಹೆಚ್ಚು ದಣಿಸಿತು. ಅದರ ಹಿಂದಿನ ವರ್ಷ ಸೀಗೆಂಥಾಲರ್ ತಂಡ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ, ಪರದೆಯ ಜಾತಿಗಿಂತ ಚಿತ್ರದ ಗುಣಮಟ್ಟವೇ ಮುಖ್ಯ ಎಂದಿತ್ತು. ಮಲಗುವ ಮುನ್ನ ಬೆಳಕು ಚೆಲ್ಲುವ ಪರದೆಯಲ್ಲಿ ಓದಿದರೆ ಮೆಲಟೋನಿನ್ ಕುಗ್ಗಿ ನಿದ್ದೆ ತಡವಾಗುತ್ತದೆ ಎಂದು 2014ರ ಒಂದು ಪ್ರಸಿದ್ಧ ಅಧ್ಯಯನ ಹೇಳಿತು; ಅದರಲ್ಲಿದ್ದವರು ಹನ್ನೆರಡೇ ಮಂದಿ.

ಕಣ್ಣಿನ ಪಕ್ಷ ಒಂದನ್ನು ಮುಚ್ಚಿಡುತ್ತದೆ: ಈ ಬಿಳಿ ಬಿಳಿಯಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 40ರ ಆಸುಪಾಸನ್ನಷ್ಟೇ ಪರದೆ ಹಿಂದಿರುಗಿಸುತ್ತದೆ. ಒಳ್ಳೆಯ ಬೆಳಕಿರುವ ಕಿಟಕಿಯ ಬಳಿ ಅದು ಚೆಂದ. ಟ್ಯೂಬ್‌ಲೈಟಿನಿಂದ ದೂರ ಮಂಚದ ಮೂಲೆಯಲ್ಲಿ ಬೂದು ಬೂದು. ಬಣ್ಣದ ಫಿಲ್ಟರ್ ಹೊದೆಸಿದ ಕ್ಯಾಲೈಡೊ ಪರದೆ ಇನ್ನೂ ಕಪ್ಪು. ಅದಕ್ಕೇ ಕೆಲವರು ಪರದೆಯ ಅಂಚಿನಿಂದ ಬೆಳಕು ಹಾಯಿಸುತ್ತಾರೆ. ಹಾಗೆ ಮಾಡಿದರೆ ಪೆನ್ನಿನ ತುದಿಗೂ ಶಾಯಿ ಕಾಣುವ ಪದರಕ್ಕೂ ನಡುವೆ ಇನ್ನೊಂದು ಪದರ ಬರುತ್ತದೆ. ಮೊದಲ ಎರಡು ರಿಮಾರ್ಕಬಲ್‌ಗಳಲ್ಲಿ ದೀಪವೇ ಇಲ್ಲದಿದ್ದುದನ್ನು ಬರೆಯುವವರು ಸಹಿಸಿದ್ದೂ, ರಾತ್ರಿ ಓದುವವರು ಬೈದದ್ದೂ ಇದಕ್ಕೇ.

ಕೈಯ ಪಕ್ಷ

2014ರಲ್ಲಿ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪನ್‌ಹೈಮರ್ ಪ್ರಕಟಿಸಿದ ಪ್ರಬಂಧ ಕೈಯ ಪಕ್ಷದವರಿಗೆ ವೇದವಾಯಿತು. ಲ್ಯಾಪ್‌ಟಾಪಿನಲ್ಲಿ ಟೈಪಿಸುವವರು ಉಪನ್ಯಾಸವನ್ನು ಪದಕ್ಕೆ ಪದ ಇಳಿಸಿಕೊಳ್ಳುತ್ತಾರೆ. ಕೈಯಲ್ಲಿ ಬರೆಯುವವರಿಗೆ ಅಷ್ಟು ವೇಗ ಇಲ್ಲದ ಕಾರಣ ತಾವೇ ಸಾರ ಹಿಂಡಬೇಕಾಗುತ್ತದೆ, ಹಾಗಾಗಿ ವಿಷಯ ಚೆನ್ನಾಗಿ ತಲೆಗಿಳಿಯುತ್ತದೆ ಎಂಬುದು ವಾದ. ಟ್ಯಾಬ್ಲೆಟ್ ಮಾರುವವರೆಲ್ಲ ಇದನ್ನು ಎತ್ತಿ ಆಡಿದರು. 2019ರಲ್ಲಿ ಮೋರ್‌ಹೆಡ್, ಡನ್‌ಲೊಸ್ಕಿ, ರಾಸನ್ ಅದೇ ಪ್ರಯೋಗವನ್ನು ಮತ್ತೆ ಮಾಡಿ, ಜೊತೆಗೆ ಇ-ರೈಟರ್ ಹಲಗೆಯಲ್ಲಿ ಬರೆಯುವ ಒಂದು ಗುಂಪನ್ನೂ ಏನೂ ಬರೆದುಕೊಳ್ಳದ ಇನ್ನೊಂದು ಗುಂಪನ್ನೂ ಸೇರಿಸಿದಾಗ, ಪೆನ್ನಿನ ಮೇಲುಗೈ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. 2021ರ ಇನ್ನೊಂದು ಮರುಪ್ರಯೋಗವೂ ಅದೇ ಅನುಮಾನವನ್ನು ಗಟ್ಟಿಮಾಡಿತು.

ಆದರೆ ಕೈಯ ಪಕ್ಷ ಅಲ್ಲಿಗೆ ಸೋಲಲಿಲ್ಲ. ನಾರ್ವೆಯ ಟ್ರಾನ್‌ಹೈಮಿನಲ್ಲಿ ಆಡ್ರಿ ವ್ಯಾನ್ ಡೆರ್ ಮೀರ್ ಅವರ ಪ್ರಯೋಗಾಲಯ ವಿದ್ಯಾರ್ಥಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಕೈಬರಹದ ಹೊತ್ತಿನಲ್ಲಿ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಟೈಪಿಂಗಿಗಿಂತ ಹೆಚ್ಚು ವ್ಯಾಪಕ ಎಂದು ತೋರಿಸಿತು. ಅವರು ಬರೆಸಿದ್ದು ಡಿಜಿಟಲ್ ಪೆನ್ನಿನಿಂದ, ಪರದೆಯ ಮೇಲೆ. ಹಾಗಾದರೆ ಕಾಗದ ಬೇಕೇ ಇಲ್ಲ, ಕೈ ಆಡಿದರೆ ಸಾಕು ಎಂದಾಯಿತಲ್ಲ? ಟೋಕಿಯೊದ ಸಕೈ ತಂಡ 2021ರಲ್ಲಿ ಇದಕ್ಕೆ ಅಡ್ಡ ಬಂತು: ಅವರು ಕೆಲವು ಭೇಟಿಗಳ ದಿನ, ಹೊತ್ತನ್ನು ಕಾಗದದ ಡೈರಿಯಲ್ಲೂ ಟ್ಯಾಬ್ಲೆಟ್ಟಿನಲ್ಲೂ ಫೋನಿನಲ್ಲೂ ಬರೆಸಿದರು. ಟ್ಯಾಬ್ಲೆಟ್ಟಿನವರೂ ಪೆನ್ನಿನಲ್ಲೇ ಬರೆದಿದ್ದರು. ಆದರೂ ಕಾಗದದವರು ಬೇಗ ಮುಗಿಸಿದರು, ನೆನಪಿಸಿಕೊಳ್ಳುವಾಗ ಅವರ ಮಿದುಳಿನ ಹಿಪೊಕ್ಯಾಂಪಸ್ ಹೆಚ್ಚು ಚುರುಕಾಗಿತ್ತು. ಕಾಗದದ ಮೇಲೆ ಬರಹಕ್ಕೊಂದು ಗೊತ್ತಾದ ಜಾಗ ಇರುತ್ತದೆ ಎಂಬುದು ಅವರ ವಿವರಣೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪೆನ್ನಿನ ಪ್ರಶ್ನೆ ಮೆಲ್ಲನೆ ಪುಟದ ಪ್ರಶ್ನೆಯಾಗಿ ತಿರುಗುವುದು ಕಾಣುತ್ತದೆ.

ಬರೆಯುವ ಅನುಭವ ಮಾತ್ರ ವರ್ಷ ವರ್ಷಕ್ಕೂ ಸುಧಾರಿಸಿದೆ. ತುದಿ ಮುಂದೆ ಹೋಗಿ ಗೆರೆ ಹಿಂದೆ ಬರುವ ಅಂತರ ಮೊದಲ ರಿಮಾರ್ಕಬಲ್ಲಿನಲ್ಲಿ ಸೆಕೆಂಡಿನ ಸಾವಿರ ಪಾಲಿನಲ್ಲಿ 40 ಇತ್ತು, ಎರಡನೆಯದರಲ್ಲಿ 21, ಅದೇ ಕಂಪನಿಯ 2024ರ ಪೇಪರ್ ಪ್ರೊದಲ್ಲಿ 12 ಎಂದು ಕಂಪನಿ ಹೇಳುತ್ತದೆ. ಮೇಲ್ಮೈಯನ್ನು ಬೇಕೆಂದೇ ಒರಟು ಮಾಡಿರುವುದರಿಂದ ಪೆನ್ನಿನ ತುದಿ ಸವೆಯುತ್ತದೆ, ಬದಲಿಸುತ್ತಿರಬೇಕು. ಕನ್ನಡ ಬರೆಯುವವರಿಗೆ ಇನ್ನೂ ಒಂದು ಕಿರಿಕಿರಿ ಕಾದಿರುತ್ತದೆ. ಯಂತ್ರದೊಳಗಿನ ಗೆರೆ ಹಾಕಿದ ಹಾಳೆಯನ್ನು ರೋಮನ್ ಅಕ್ಷರಕ್ಕೆ ಹೊಂದಿಸಿರುತ್ತಾರೆ. 'ಸ್ವಾತಂತ್ರ್ಯ' ಎಂದು ಬರೆದು ನೋಡಿ: ವ ಒತ್ತು, ರ ಒತ್ತು, ಅದರ ಪಕ್ಕಕ್ಕೆ ಯ ಒತ್ತು ಎಲ್ಲ ಕೆಳಗಿನ ಗೆರೆಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ. ಅಗಲ ಗೆರೆಯ ಹಾಳೆ ಆರಿಸಿಕೊಂಡರೆ ಪುಟಕ್ಕೆ ಹಿಡಿಸುವ ಸಾಲು ಕಡಿಮೆ. ಇನ್ನು ಕೆಲವು ಯಂತ್ರಗಳಲ್ಲಿ ಬರೆಯುವಾಗ ಅಕ್ಷರ ಬರೀ ಕಪ್ಪು-ಬಿಳುಪಿನಲ್ಲಿ ಮೂಡಿ, ಪೆನ್ನೆತ್ತಿದ ಮೇಲೆ ಅಂಚು ನಯವಾಗಿ ಮತ್ತೆ ಮೂಡುತ್ತದೆ. ಪದಕ್ಕೆ ನಾಲ್ಕು ಸಲ ಪೆನ್ನೆತ್ತುವ ನಮ್ಮ ಲಿಪಿಯಲ್ಲಿ ಈ ಸಣ್ಣ ನಡುಕ ಕಣ್ಣಿಗೆ ಬೇಗ ಬೀಳುತ್ತದೆ.

ಇಲ್ಲದ್ದೇ ಚೆಂದ ಎನ್ನುವವರು

ಮೂರನೆಯ ಗುಂಪಿಗೆ ಪರದೆಯೂ ಪೆನ್ನೂ ನೆಪ. ಮೇಲ್ ಬರದು, ವಾಟ್ಸಾಪ್ ಕೂಗದು, ಕ್ರಿಕೆಟ್ ಸ್ಕೋರ್ ಇಣುಕದು. ಬೆಲೆ ಕೊಡುವುದೇ ಈ ಇಲ್ಲದ್ದಕ್ಕೆ ಎನ್ನುತ್ತಾರೆ. ರಿಮಾರ್ಕಬಲ್ ತನ್ನನ್ನು ಮಾರಿಕೊಂಡದ್ದೇ ಹೀಗೆ. ಎದುರು ಗುಂಪಿನವರು ಆಂಡ್ರಾಯ್ಡ್ ಓಡಿಸುವ ಬೂಕ್ಸ್‌ನಂಥ ಯಂತ್ರ ಹಿಡಿದು, ನನಗೆ ಯಾವ ಆ್ಯಪ್ ಬೇಕೆಂಬುದನ್ನು ನಾನೇ ನಿರ್ಧರಿಸುತ್ತೇನೆ, ಸಂಯಮ ಕಲಿಸಲು ಕಂಪನಿ ಬೇಡ ಎನ್ನುತ್ತಾರೆ.

ಇಂಗ್ಲಿಷ್ ಓದುಗರಿಗೆ ಇದು ರುಚಿಯ ಪ್ರಶ್ನೆ ಇರಬಹುದು. ಕನ್ನಡ ಓದುಗರಿಗೆ ಅನಿವಾರ್ಯದ ಪ್ರಶ್ನೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹೊಸ ಕನ್ನಡ ಪುಸ್ತಕಗಳು ಇ-ರೂಪದಲ್ಲಿ ಸಿಗುವುದು ಮೈಲ್ಯಾಂಗ್‌ನಂಥ ನಮ್ಮವರೇ ಕಟ್ಟಿದ ಆ್ಯಪ್‌ಗಳಲ್ಲಿ, ಮತ್ತು ಆ್ಯಪ್ ಬೇಕೆಂದರೆ ಆಂಡ್ರಾಯ್ಡ್ ಬೇಕು. ಫೋನಿಗೆಂದು ಬರೆದ ಆ್ಯಪ್ ಇ-ಇಂಕಿನಲ್ಲಿ ಜಾರಿಸಿದಾಗ ಕಲೆಕಲೆಯಾಗುತ್ತದೆ, ತಿಳಿಬಣ್ಣದ ಗುಂಡಿಗಳು ಕಾಣುವುದೇ ಇಲ್ಲ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅಷ್ಟಾದರೂ ಕನ್ನಡದಲ್ಲಿ ಓದುವವರಿಗೆ ತೆರೆದ ಯಂತ್ರವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಏಕಾಗ್ರತೆಯ ಹೆಸರಲ್ಲಿ ನಮ್ಮ ಪುಸ್ತಕಗಳನ್ನೇ ಹೊರಗಿಡುವ ಯಂತ್ರದಿಂದ ಏನು ಪ್ರಯೋಜನ?

ಪುಟದ ಲೆಕ್ಕ

ಈಗ ಅಳತೆಗೆ ಬರೋಣ. 10.3 ಇಂಚಿನ ಪರದೆ ಎಂದರೆ ಸುಮಾರು 157 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ಕನ್ನಡದ ಹೆಚ್ಚಿನ ಪುಸ್ತಕಗಳು ಅಚ್ಚಾಗುವ ಡೆಮಿ 1/8 ಅಳತೆ ಐದೂವರೆಗೆ ಎಂಟೂವರೆ ಇಂಚು, ಅಂದರೆ 140ಕ್ಕೆ 216 ಮಿ.ಮೀ. ಅಕ್ಷರವನ್ನು ಹೆಚ್ಚೇನೂ ಕುಗ್ಗಿಸದೆ, ಹೆಚ್ಚುಕಡಿಮೆ ಇದ್ದ ಗಾತ್ರದಲ್ಲೇ ಡೆಮಿ ಪುಟವೊಂದು ಈ ಪರದೆಯಲ್ಲಿ ಕೂರುತ್ತದೆ ಎಂದಾಯಿತು. ಅದೇ ಪುಟ ಆರಿಂಚಿನ ಕಿಂಡಲ್ಲಿನಲ್ಲಿ ಶೇ. 56ಕ್ಕೆ ಇಳಿಯುತ್ತದೆ. ಆಗ ಒತ್ತಕ್ಷರ ಚುಕ್ಕೆಯಾಗುತ್ತದೆ, ಥ-ಧಗಳ ವ್ಯತ್ಯಾಸವನ್ನು ಊಹಿಸಿಕೊಳ್ಳಬೇಕು.

ಇದು ನಮಗೆ ಯಾಕೆ ಇಷ್ಟು ಮುಖ್ಯವೆಂದರೆ, ಕನ್ನಡದ ಹಳೆಯ ಪುಸ್ತಕಗಳ ದೊಡ್ಡ ಪಾಲು ಡಿಜಿಟಲ್ ರೂಪದಲ್ಲಿ ಇರುವುದೇ ಪುಟದ ಚಿತ್ರಗಳಾಗಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮುಂದೆ ನಿಂತು ನಡೆಸಿದ ಮಿಲಿಯನ್ ಬುಕ್ ಯೋಜನೆ, ಅದರ ಜೊತೆ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದವು; ಅವುಗಳ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಈ ಸ್ಕ್ಯಾನುಗಳಲ್ಲಿ ಕಪ್ಪು, ಬಿಳಿ ಎರಡೇ. ನಡುವಿನ ಬೂದು ಇಲ್ಲ. ಎಲ್‌ಸಿಡಿಯಲ್ಲಿ ಕಣ್ಣಿಗೆ ರಾಚುವ ಈ ಒರಟು ಚಿತ್ರ ಇ-ಇಂಕಿನ ಮೇಲೆ ಹೇಳಿಮಾಡಿಸಿದಂತೆ ಕಾಣುತ್ತದೆ. ಮೊಳೆ ಜೋಡಿಸಿ ಅಚ್ಚುಹಾಕಿದ ಕಾಲದ ಪುಟವೊಂದನ್ನು ತೆರೆದರೆ ಸವೆದ ಮೊಳೆಯ ಮುರಿದ ಕೊಂಬು, ಗ್ರಂಥಾಲಯದ ದುಂಡು ಮೊಹರು, ಯಾರೋ ಓದುಗ ಅಡಿಗೆರೆ ಎಳೆದದ್ದು ಎಲ್ಲ ತಮ್ಮ ಗಾತ್ರದಲ್ಲೇ ಎದುರಿಗಿರುತ್ತವೆ. ಆ ಅಡಿಗೆರೆಯ ಪಕ್ಕದಲ್ಲೇ ನಮ್ಮದೊಂದು ಗೆರೆ ಎಳೆಯಬಹುದು. ದೊಡ್ಡ ಇ-ಇಂಕ್ ಟ್ಯಾಬ್ಲೆಟ್ಟಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಎ4 ಹಾಳೆಗೆ ಬಂದರೆ ಲೆಕ್ಕ ತಪ್ಪುತ್ತದೆ. ಎ4 ಪುಟ 10.3 ಇಂಚಿನಲ್ಲಿ ಶೇ. 70ಕ್ಕೆ ಕುಗ್ಗಿ, 12 ಪಾಯಿಂಟಿನ ಅಕ್ಷರ ಎಂಟೂವರೆಯಾಗುತ್ತದೆ. ಕರಡು ತಿದ್ದುವವರು, ಕೋರ್ಟಿನ ಕಾಗದ ಓದುವವರು, ಎರಡು ಕಾಲಮ್ಮಿನ ಸಂಶೋಧನಾ ಪ್ರಬಂಧ ಓದುವವರು 13.3 ಇಂಚಿಗೆ ಹೋಗಲೇಬೇಕು. ಅಲ್ಲಿ ಎ4 ಶೇ. 90ರಷ್ಟು ಉಳಿಯುತ್ತದೆ. ಅಷ್ಟು ದೊಡ್ಡದನ್ನು ಬಸ್ಸಿನಲ್ಲಿ ಒಂದೇ ಕೈಯಲ್ಲಿ ಹಿಡಿಯುವುದು ಹೇಗೆಂದು ಕೇಳಬಹುದು. ಸೋನಿಯ 2017ರ 13.3 ಇಂಚಿನ ಮಾದರಿ 349 ಗ್ರಾಂ; 10.3 ಇಂಚಿನ ರಿಮಾರ್ಕಬಲ್ 2 ಅದಕ್ಕಿಂತ ಭಾರ, 403 ಗ್ರಾಂ. ಗಾತ್ರದಷ್ಟೇ ತಳದ ಗಾಜೂ ತೂಗುತ್ತದೆ.

ಕೆಲವರು ಕೇಳಿಯಾರು: ಪುಟವೇ ಏಕೆ ಬೇಕು, ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವಲ್ಲ? ಓದಲು ಸರಿ, ಬರೆಯಲು ಅದೇ ತೊಡಕು. ಸ್ಕ್ರೈಬ್ ಬಂದಾಗ ಕಿಂಡಲ್ ಪುಸ್ತಕದ ಅಂಚಿನಲ್ಲಿ ನೇರವಾಗಿ ಗೀಚಲು ಬಿಟ್ಟಿರಲಿಲ್ಲ, ಚೀಟಿ ಅಂಟಿಸಿ ಅದರೊಳಗೆ ಬರೆಯಬೇಕಿತ್ತು. ಅಕ್ಷರದ ಗಾತ್ರ ಬದಲಿಸಿದರೆ ಸಾಲು ಬೇರೆಡೆಗೆ ಹೋಗುತ್ತದೆ. ಗೀಚಿದ್ದು ಎಲ್ಲಿ ಹೋಗಬೇಕು? 2024ರ ಮಾದರಿಯಲ್ಲಿ ಬರಹದ ಸುತ್ತ ಸಾಲುಗಳೇ ಸರಿದು ಜಾಗ ಬಿಡುವಂತೆ ಮಾಡಿದರು. ಜಾಣ ಪರಿಹಾರ, ಆದರೆ ಎಡಪುಟದ ಕೆಳಗೆ ಬರೆದಿದ್ದೆ ಎಂಬ ನೆನಪಿಗೆ ಅಲ್ಲಿ ನೆಲೆಯಿಲ್ಲ. ಆನ್ನೆ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಐವತ್ತು ಮಂದಿಗೆ ಒಂದೇ ಕಥೆಯನ್ನು ಕೆಲವರಿಗೆ ಪುಸ್ತಕದಲ್ಲೂ ಉಳಿದವರಿಗೆ ಕಿಂಡಲ್ಲಿನಲ್ಲೂ ಓದಿಸಿದಾಗ, ಗ್ರಹಿಕೆಯ ಹೆಚ್ಚಿನ ಪರೀಕ್ಷೆಗಳಲ್ಲಿ ಇಬ್ಬರೂ ಸಮ ಸಮ ಬಂದರು. ಕಿಂಡಲ್ ಓದುಗರು ಹಿಂದೆ ಬಿದ್ದದ್ದು ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. 54 ಅಧ್ಯಯನಗಳನ್ನು ಒಟ್ಟು ಹಾಕಿದ ಡೆಲ್ಗಾಡೊ ತಂಡದ 2018ರ ವಿಶ್ಲೇಷಣೆ ಕಥನಕ್ಕೆ ಪರದೆಯಿಂದ ನಷ್ಟ ಕಾಣಲಿಲ್ಲ, ಮಾಹಿತಿಯ ಓದಿಗೆ, ಅದರಲ್ಲೂ ಅವಸರದ ಓದಿಗೆ, ಕಂಡಿತು. ಅಲ್ಲಿ ಪರದೆ ಎಂದರೆ ಹೆಚ್ಚಾಗಿ ಕಂಪ್ಯೂಟರ್ ಎಂಬುದನ್ನು ಇ-ಇಂಕ್ ವಿರೋಧಿಗಳು ಬೇಕೆಂದೇ ಮರೆಯುತ್ತಾರೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ

ಕಾಗದವಿಲ್ಲದ ಕಚೇರಿ ಎಂಬುದು ಏಕೆ ಮಿಥ್ಯೆಯಾಗಿ ಉಳಿಯಿತು ಎಂದು ಅಬಿಗೇಲ್ ಸೆಲೆನ್ ಮತ್ತು ರಿಚರ್ಡ್ ಹಾರ್ಪರ್ 2001ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಜನ ಕಾಗದವನ್ನು ಹಳೆ ಚಾಳಿಯಿಂದ ಹಿಡಿದುಕೊಂಡಿಲ್ಲ. ಹರಡಿಕೊಳ್ಳಲು, ಪಕ್ಕಪಕ್ಕ ಇಟ್ಟು ನೋಡಲು, ಓದುತ್ತಲೇ ಗೀಚಲು, ಎದುರಿಗಿದ್ದವರ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ, ಅಷ್ಟೇ. ಈ ನಾಲ್ಕರಲ್ಲಿ ಇ-ಇಂಕ್ ಟ್ಯಾಬ್ಲೆಟ್ ಗೆದ್ದಿರುವುದು ಮೂರನೆಯದನ್ನು ಮಾತ್ರ.

ಆದರೆ ಕಾಗದಕ್ಕೆ ಆಗದ್ದೊಂದನ್ನು ಅದು ಮಾಡಬಲ್ಲದು ಎನ್ನುತ್ತಾರೆ: ಹುಡುಕಾಟ. ಕೈಬರಹವನ್ನು ಅಚ್ಚಕ್ಷರವಾಗಿಸಿ ಒಂದು ಪದ ಕೊಟ್ಟರೆ ಪುಟ ತಂದುಕೊಡುವುದು. ರೋಮನ್ ಲಿಪಿಗೆ ಈ ಭರವಸೆ ತಕ್ಕಮಟ್ಟಿಗೆ ಈಡೇರಿದೆ. ಕನ್ನಡದ ಓದುಗ ಇಲ್ಲಿ ಮೂರು ಕಡೆ ಎಡವುತ್ತಾನೆ. ಸ್ಕ್ಯಾನ್ ಪುಟ ಬರೀ ಚಿತ್ರ. ಯುನಿಕೋಡಿಗೆ ಮೊದಲಿನ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಜೋಡಿಸಿದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇನ್ನು ನಮ್ಮ ಕೈಬರಹವಂತೂ ಒಬ್ಬೊಬ್ಬರದು ಒಂದೊಂದು ವರಸೆ. ಮೂರು ನೋಟ್‌ಬುಕ್ ತುಂಬಿದ ಮೇಲೆ ಬೇಕಾದ ಟಿಪ್ಪಣಿಗಾಗಿ ಪುಟ ಪುಟ ತಿರುವುತ್ತಾ ಕೂರುವುದು, ಅದೂ ಪುಟ ನಿಧಾನವಾಗಿ ಬದಲಾಗುವ ಪರದೆಯಲ್ಲಿ, ಕಾಗದದ ಕಂತೆ ಕೆದಕುವುದಕ್ಕಿಂತ ಬೇಸರದ ಕೆಲಸ. ಈಗ ನಾನು ಪ್ರತಿ ನೋಟ್‌ಬುಕ್ಕಿನ ಮೊದಲ ಪುಟವನ್ನು ವಿಷಯಸೂಚಿಗೆಂದು ಖಾಲಿ ಬಿಡುತ್ತೇನೆ, ಕಾಗದದ ಡೈರಿಯಲ್ಲಿ ಮಾಡುತ್ತಿದ್ದಂತೆಯೇ.

ಒಡೆತನದ ಮಾತೂ ಇದೆ. 2021ರಲ್ಲಿ ರಿಮಾರ್ಕಬಲ್ ಕೆಲವು ಸೌಲಭ್ಯಗಳನ್ನು ಮಾಸಿಕ ಚಂದಾಕ್ಕೆ ಸೇರಿಸಿದಾಗ ಎದ್ದ ಗದ್ದಲ ಹಣಕ್ಕಿಂತ ಹೆಚ್ಚಾಗಿ ಒಂದು ಅನುಮಾನಕ್ಕೆ: ನನ್ನ ನೋಟ್‌ಬುಕ್ಕಿಗೆ ನಾನೇ ಬಾಡಿಗೆದಾರನೇ? ಕರ್ನಾಟಕದಲ್ಲಿ ಅಳಿಸಿ ಬರೆಯುವ ನೋಟ್‌ಬುಕ್ ಹೊಸತಲ್ಲ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತದಲ್ಲಿ ವ್ಯಾಪಾರಿಗಳ ಲೆಕ್ಕವೂ ಶೃಂಗೇರಿ ಮಠದ ದಾಖಲೆಗಳೂ ಇದ್ದವು. ಆ ಶೃಂಗೇರಿ ಕಡತಗಳನ್ನು ಇತಿಹಾಸಕಾರರು ಇಂದಿಗೂ ಓದುತ್ತಾರೆ, ಏಕೆಂದರೆ ತೆರೆದು ಓದಲು ಬಟ್ಟೆಯ ಹೊರತು ಬೇರೇನೂ ಬೇಕಿಲ್ಲ. ಕಂಪನಿಯೊಂದರ ಖಾಸಗಿ ಕಡತವಿನ್ಯಾಸದಲ್ಲಿ ಉಳಿದ ಟಿಪ್ಪಣಿಗೆ ಆ ಭಾಗ್ಯ ಇಲ್ಲ. ತಿಂಗಳಿಗೊಮ್ಮೆ ಪಿಡಿಎಫ್ ಆಗಿ ತೆಗೆದಿಟ್ಟುಕೊಳ್ಳಿ ಎಂಬ ಬುದ್ಧಿಮಾತನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ.

ಇನ್ನೂ ತೀರ್ಮಾನವಾಗದ್ದು

ಬಣ್ಣದ ವಾದ ಈಗಷ್ಟೇ ಕಾವೇರುತ್ತಿದೆ. ಕ್ಯಾಲೈಡೊ ಫಿಲ್ಟರ್ ವೇಗ ಉಳಿಸಿಕೊಂಡು ಬಿಳಿಯನ್ನು ಬಲಿಕೊಡುತ್ತದೆ. ಪೇಪರ್ ಪ್ರೊದಲ್ಲಿರುವ ಗ್ಯಾಲರಿ ಬಗೆಯಲ್ಲಿ ಬಣ್ಣದ ಕಣಗಳೇ ಇವೆ, ಬಣ್ಣ ಚೆಂದ, ಪುಟ ನಿಧಾನ. ಅಡಿಗೆರೆಗೊಂದು ಹಳದಿ ಬೇಕೆಂಬ ಆಸೆಗೆ ಇಷ್ಟು ತೆರಬೇಕೇ ಎಂಬುದಕ್ಕೆ ಒಮ್ಮತ ಇಲ್ಲ. 2024ರಲ್ಲಿ ಬಂದ ಡೇಲೈಟ್ ಕಂಪನಿಯ ಟ್ಯಾಬ್ಲೆಟ್ ಇ-ಇಂಕನ್ನೇ ಬಿಟ್ಟು, ಹೊರಬೆಳಕಿನಲ್ಲಿ ಓದಬಹುದಾದ ಎಲ್‌ಸಿಡಿ ಹಾಕಿ, ವೇಗದ ತಕರಾರನ್ನೇ ಇಲ್ಲವಾಗಿಸಿದೆ. ಕಾಗದದಂಥ ಪರದೆಗೆ ಈ ಕಣಗಳೇ ಬೇಕೆ ಎಂಬ ಪ್ರಶ್ನೆ ಹಾಗಾಗಿ ಮತ್ತೆ ತೆರೆದುಕೊಂಡಿದೆ.

ಮಕ್ಕಳ ಕೈಗೆ ಕೊಡಬಹುದೇ ಎಂಬುದು ಇನ್ನೂ ಗೋಜಲು. ಸ್ವೀಡನ್ 2023ರಲ್ಲಿ ಶಾಲೆಗಳನ್ನು ಅಚ್ಚಿನ ಪುಸ್ತಕದತ್ತ ಮತ್ತೆ ತಿರುಗಿಸಹೊರಟಾಗ ಚರ್ಚೆಯಾದದ್ದು ಸಾಮಾನ್ಯ ಪರದೆಗಳ ಬಗ್ಗೆ. ಬೆಳಕಿಲ್ಲದ, ಆಟವಿಲ್ಲದ, ಕೈಯಲ್ಲೇ ಬರೆಯಬೇಕಾದ ಹಲಗೆ ಯಾವ ಕಡೆಗೆ ಸೇರಬೇಕೆಂದು ಆ ಚರ್ಚೆ ಹೇಳುವುದಿಲ್ಲ. ಮೇಲೆ ಹೇಳಿದ ಕೈಬರಹದ ಪ್ರಯೋಗಗಳೆಲ್ಲ ಅಲ್ಪಾವಧಿಯವು. ಒಂದು ವರ್ಷ ಇದರಲ್ಲೇ ಓದಿ ಬರೆದು ಪರೀಕ್ಷೆ ಕಟ್ಟಿದ ವಿದ್ಯಾರ್ಥಿಯ ನೆನಪು ಹೇಗಿರುತ್ತದೆ ಎಂಬುದಕ್ಕೆ ಅವು ಉತ್ತರವಾಗಲಾರವು. ಯಂತ್ರ ಎಷ್ಟು ವರ್ಷ ಬಾಳಿದರೆ ಅದು ಉಳಿಸಿದ ಕಾಗದ ಅದಕ್ಕೆ ತಗುಲಿದ ಬ್ಯಾಟರಿ, ಗಾಜು, ಸಾಗಣೆಗೆ ಸಮನಾದೀತು ಎಂಬ ಲೆಕ್ಕದಲ್ಲೂ, ತಿಂಗಳಿಗೆ ರೀಮುಗಟ್ಟಲೆ ಮುದ್ರಿಸುವ ವಕೀಲರಿಗೆ ಒಂದು ಉತ್ತರ ಬಂದರೆ ವರ್ಷಕ್ಕೆರಡು ನೋಟ್‌ಬುಕ್ ತುಂಬಿಸುವವರಿಗೆ ಇನ್ನೊಂದು ಬರುತ್ತದೆ.

ಕನ್ನಡಕ್ಕೆ ಉಳಿಯುವ ಪ್ರಶ್ನೆ ಯಂತ್ರದ ಹೊರಗಿನದು. ಸ್ಕ್ಯಾನ್ ಆದ ಸಾವಿರಾರು ಪುಸ್ತಕಗಳಿಗೆ ಹುಡುಕಬಲ್ಲ ಪಠ್ಯವನ್ನು ಜೋಡಿಸುವವರು ಯಾರು: ಸರ್ಕಾರವೋ, ವಿಶ್ವವಿದ್ಯಾಲಯಗಳೋ, ವಿಕಿಸೋರ್ಸ್‌ನಲ್ಲಿ ಬಿಡುವಿನ ವೇಳೆ ಪುಟ ತಿದ್ದುತ್ತಿರುವ ಸ್ವಯಂಸೇವಕರೋ? ಪ್ರಕಾಶಕರು ತಮ್ಮ ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ತಿರುಗಿಸಿ ಮಾರಲು ಮುಂದಾಗುತ್ತಾರೋ, ಇಲ್ಲ ಪುಟದ ಚಿತ್ರವನ್ನೇ ಪಿಡಿಎಫ್ ಮಾಡಿ ಕೊಟ್ಟು ಕೈತೊಳೆದುಕೊಳ್ಳುತ್ತಾರೋ? ಮುಂದಿನ ಹತ್ತು ವರ್ಷ ಕನ್ನಡ ಓದುಗರಿಗೆ ಹತ್ತಿಂಚಿನ ಪರದೆ ಬೇಕಾದೀತೋ, ಆರಿಂಚಿನದೇ ಸಾಕಾದೀತೋ ಎಂಬುದು ಇವರು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.